ಗೋಳಗುಮ್ಮಟದ ಕಲ್ಲಿನ ತವರು

ಮಕ್ಕಳೇ, ಹಿಂದೂ ಮಹಾಸಾಗರದಲ್ಲಿ ಮಾರಿಷಸ್‌ನ ನೆರೆಯಲ್ಲಿ ರಿಯೂನಿಯನ್ ಎಂಬ ದ್ವೀಪವಿದೆ. ಫ್ರಾನ್ಸ್‌ಗೆ ಸೇರಿದ ಈ ದ್ವೀಪಕ್ಕೆ ಮೊಮ್ಮಗಳೊಂದಿಗೆ ಹೋಗಿದ್ದೆ. ಅಲ್ಲಿನ ಜ್ವಾಲಾಮುಖಿಯ ಹೆಸರು ಪಿತೋಂ ದ ಲಾ ಫೂರ್ನೇಸ್, ಅಂದರೆ ಕುಲುಮೆಯ ಶಿಖರ. ಎತ್ತರ 2,632 ಮೀಟರ್.

ಬೆಳಗಿನ ಚಳಿಯಲ್ಲಿ ಬೆಲ್‌ಕೋಂಬ್ ಎಂಬ ಕಡಿದಾದ ಅಂಚಿನಲ್ಲಿ ನಿಂತೆವು. ಕೆಳಗೆ ಕಣ್ಣು ಹಾಯುವವರೆಗೂ ಹೆಪ್ಪುಗಟ್ಟಿದ ಲಾವಾ. ಮೊಮ್ಮಗಳು ಕರಿಕಲ್ಲೊಂದನ್ನು ಮುಟ್ಟಿ, “ಅಜ್ಜಾ, ಇದು ನಮ್ಮ ವಿಜಯಪುರದ ಕಲ್ಲಿನ ಹಾಗೇ ಐತಲ್ಲ!” ಎಂದಳು.

ಅವಳ ಮಾತು ಸುಳ್ಳಲ್ಲ. ಎರಡೂ ಬಸಾಲ್ಟ್ ಶಿಲೆಗಳೇ.

ಭೂಮಿಯ ಆಳದಿಂದ ಬಿಸಿ ಶಿಲೆ ಬಹು ನಿಧಾನವಾಗಿ ಮೇಲೇರುತ್ತದೆ. ಆಳದಲ್ಲಿ ಒತ್ತಡ ಹೆಚ್ಚಿರುವುದರಿಂದ ಅದು ಗಟ್ಟಿಯಾಗಿಯೇ ಇರುತ್ತದೆ. ಮೇಲೆ ಬಂದಂತೆ ಒತ್ತಡ ತಗ್ಗಿ, ಅದರ ಒಂದು ಪಾಲು ಕರಗಿ ಶಿಲಾಪಾಕವಾಗುತ್ತದೆ. ಈ ಪಾಕದಲ್ಲಿ ಸಿಲಿಕಾ ಅರ್ಧದಷ್ಟು ಮಾತ್ರ. ಆದ್ದರಿಂದ ಅದು ತೆಳು. ಸಿಡಿಯುವುದಕ್ಕಿಂತ ಹರಿಯುವುದೇ ಹೆಚ್ಚು. ಕೆಲವು ಕಲ್ಲುಗಳಲ್ಲಿ ಆಲಿವಿನ್ ಎಂಬ ಹಸಿರು ಹರಳುಗಳು ಮಿನುಗುತ್ತವೆ. ಇಲ್ಲಿನ ಲಾವಾದಲ್ಲಿ ಹೀಲಿಯಂ-3 ಎಂಬ ಪುರಾತನ ಅನಿಲದ ಪಾಲು ಸಾಗರತಳದ ಸಾಮಾನ್ಯ ಲಾವಾಕ್ಕಿಂತ ಹೆಚ್ಚು. ಪಾಕದ ಮೂಲ ಬಹಳ ಆಳದಲ್ಲಿದೆ ಎಂಬುದಕ್ಕೆ ಇದೊಂದು ಸುಳಿವು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಇದೇ ಬಿಸಿಮೂಲದ ಮೇಲಿತ್ತು ಎಂಬುದು ಬಹುಪಾಲು ಭೂವಿಜ್ಞಾನಿಗಳ ಅಭಿಪ್ರಾಯ. ಆಗ ಹರಿದ ಲಾವಾವೇ ದಖ್ಖನ್ನಿನ ಕರಿಕಲ್ಲಾಯಿತು. ಗೋಳಗುಮ್ಮಟ ಕಟ್ಟಿದ್ದು ಅದರಿಂದಲೇ. ಭಾರತ ಉತ್ತರಕ್ಕೆ ಸರಿಯಿತು. ಒಲೆ ಮಾತ್ರ ಹಿಂದೆ ಉಳಿದು ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್‌ಗಳ ಬುನಾದಿ ಹಾಕುತ್ತ, ಕೊನೆಗೆ ರಿಯೂನಿಯನ್ನನ್ನು ಸಮುದ್ರದಿಂದ ಮೇಲೆತ್ತಿತು.

ಸಂಜೆ ಪೂರ್ವ ಕರಾವಳಿಯ ಸೇಂತ್ ರೋಸ್ ಕಡೆಗೆ ಇಳಿದೆವು. 1977ರ ಏಪ್ರಿಲ್‌ನಲ್ಲಿ ಲಾವಾ ಇಲ್ಲಿನ ಹಳ್ಳಿಯೊಂದಕ್ಕೆ ನುಗ್ಗಿತ್ತು. ಜನರನ್ನು ಮೊದಲೇ ತೆರವು ಮಾಡಿದ್ದರಿಂದ ಪ್ರಾಣಗಳು ಉಳಿದವು, ಮನೆಗಳು ಉಳಿಯಲಿಲ್ಲ. ಲಾವಾ ಚರ್ಚನ್ನು ಸುತ್ತುವರಿದು, ಬಾಗಿಲ ಬಳಿ ನಿಂತುಬಿಟ್ಟಿತು. ಆ ಬಳಿಕ ಬೆಟ್ಟದ ನಡುಕ, ಉಬ್ಬುಗಳನ್ನು ಹಗಲಿರುಳು ಅಳೆಯಲು ವೀಕ್ಷಣಾಲಯ ಬಂತು.

“ಮನೆ ಹೋದರೂ ಮಂದಿ ಇಲ್ಲೇ ಯಾಕ ಇದ್ದಾರ?” ಎಂದು ಮೊಮ್ಮಗಳು ಕೇಳಿದಳು.

“ಇದು ಅವರ ಊರು, ಮಗಾ. ಬೆಟ್ಟ ಎಚ್ಚರಾದರೆ ಸರಿದು ನಿಲ್ಲೋದು ಕಲಿತಾರ” ಎಂದೆ.

ಊರಿಗೆ ಮರಳಿದ ಮೇಲೆ ಅವಳು ಗೋಳಗುಮ್ಮಟದ ಗೋಡೆಗೆ ಅಂಗೈಯಿಟ್ಟು ಮೆಲ್ಲಗೆ ಹೇಳಿದಳು: “ನಿನ್ನ ತವರಿನಾಗ ಒಲೆ ಇನ್ನೂ ಆರಿಲ್ಲ!”