ಗೀರ್ ಕಾಡಿನ ಸಂಸಾರ

2024ರ ನವೆಂಬರಿನಲ್ಲಿ ಗಿರನಾರ ಯಾತ್ರೆ ಮುಗಿಸಿ ನಾವು ಮನೆಮಂದಿಯೆಲ್ಲ ಸಾಸಣ ಗೀರಿಗೆ ಹೋದೆವು. ತೇಗದ ನೆರಳಲ್ಲಿ ಎರಡು ಸಿಂಹಿಣಿ, ಮೂರು ಮರಿ. ಒಂದು ಮರಿ ತಾಯಿಯನ್ನು ಬಿಟ್ಟು ಇನ್ನೊಬ್ಬಳ ಮೊಲೆಗೆ ಬಾಯಿ ಹಾಕಿತು, ಆಕೆ ಬೇಡವೆನ್ನಲಿಲ್ಲ.

“ಇವ್ರ ಅಪ್ಪ ಎಲ್ಲಿ ಹೋಗ್ಯಾನ?” ಎಂದಳು ನಮ್ಮ ಸಣ್ಣ ಮಗಳು.

ಗೀರಿನಲ್ಲಿ ಗಂಡು ಬೇರೆಯೇ ಇರುತ್ತದಂತೆ. ಬೆದೆಗೆ, ಇಲ್ಲವೆ ದೊಡ್ಡ ಬೇಟೆ ಸಿಕ್ಕಾಗಷ್ಟೇ ಬಂದು ಕೂಡುವುದು. ಆದರೂ ಸರಹದ್ದು ಕಾಯುವುದು ಅದೇ. ಹೊರಗಿನ ಗಂಡು ನುಗ್ಗಿದರೆ ಮರಿಗಳನ್ನು ಕೊಂದೇಬಿಡುತ್ತದೆ ಎಂದ ಗೈಡ್.

“ಅಪ್ಪಾಜಿನೂ ಹಂಗ, ಯಾವಾಗ್ಲೂ ಅಂಗಡ್ಯಾಗ!”

ನಾವೆಲ್ಲ ನಕ್ಕೆವು. ಯಜಮಾನರು ನಗಲಿಲ್ಲ. ಅವರ ಸಂಜೆಯ ಡಬ್ಬಿ ವರ್ಷಗಳಿಂದ ಅಂಗಡಿಗೇ ಹೋಗುತ್ತದೆ. ಅಕ್ಕಲಕೋಟೆಗೆ ಮರಳಿದ ಮರುದಿನ ಹೊತ್ತು ಮುಳುಗುವ ಮೊದಲೇ ಕದ ಹಾಕಿ ಮನೆಗೆ ಬಂದರು. ಡಬ್ಬಿ ಆಗಲೇ ಹೋಗಿಬಿಟ್ಟಿತ್ತು.