ಗೋಡೆಯ ಮೇಲಿನ ಪಟ್ಟಿ

ಪಟ್ಟಿ ಬರೆಯುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ದಿನಸಿಯ ಪಟ್ಟಿ, ಇಸ್ತ್ರಿಗೆ ಕೊಟ್ಟ ಬಟ್ಟೆಯ ಪಟ್ಟಿ, ಹಬ್ಬಕ್ಕೆ ಬರುವ ನೆಂಟರ ಪಟ್ಟಿ, ಅವರಲ್ಲಿ ಕಾಫಿಯವರೆಷ್ಟು ಟೀಯವರೆಷ್ಟು ಎಂಬ ಮರಿ ಪಟ್ಟಿ. "ನೀನು ಸ್ವರ್ಗಕ್ಕೆ ಹೋದರೂ ಬಾಗಿಲಲ್ಲೇ ನಿಂತು ಹಾಜರಿ ಕೂಗುತ್ತೀಯ" ಎಂದು ನಮ್ಮವರು ಹಾಸ್ಯ ಮಾಡುತ್ತಿದ್ದರು. ಹಾಗಾಗಿ ನಮ್ಮ ಸಭೆಗೆ ಹೊಸದಾಗಿ ಬಂದ ಅಯ್ಯನವರು, "ಅಮ್ಮಾ, ದೇವಾಲಯದ ಕೆಲಸಗಳನ್ನೆಲ್ಲ ಬರೆದು ಗೋಡೆಗೆ ಹಾಕೋಣ. ಯಾರಿಗೆ ಯಾವುದು ಇಷ್ಟವೋ ಅದರ ಮುಂದೆ ಅವರ ಹೆಸರು ಬರಲಿ" ಎಂದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಇದು 1998ರ ಮಾತು. ಚಾಮರಾಜನಗರ ಜಿಲ್ಲೆಯಾಗಿ ಒಂದು ವರ್ಷವಾಗಿತ್ತು. ಹನೂರು ಆಗಿನ್ನೂ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. ಮೈಸೂರಿನಲ್ಲಿ ಬೆಳೆದ ನಾನು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದವಳು. ಮೈಸೂರಿನ ದೊಡ್ಡ ದೇವಾಲಯ, ಗಾಯನ ಮಂಡಳಿ, ಪೈಪ್ ಆರ್ಗನ್ನಿನ ಕನಸು ಎಲ್ಲವನ್ನೂ ಬಿಟ್ಟು ಈ ಪುಟ್ಟ ಸಭೆಗೆ ಹೊಂದಿಕೊಂಡಿದ್ದೆ. ಐವತ್ತು ಅರವತ್ತು ಜನ. ಕೆಲವರು ಯಳಂದೂರಿನಿಂದ, ಕೆಲವರು ಹನೂರಿನ ಕಡೆಯಿಂದ ಬೆಳಗಿನ ಬಸ್ಸು ಹತ್ತಿ ಬರುವವರು. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದಲೋ ಏನೋ, ಒಂದು ಗೀತೆ ಕನ್ನಡದಲ್ಲಾದರೆ ಇನ್ನೊಂದನ್ನು ಹಿರಿಯರು ತಮಿಳಿನಲ್ಲಿ ಗುನುಗುತ್ತಿದ್ದರು.

ಪಟ್ಟಿ ಬರೆಯಲು ಕುಳಿತಾಗಲೇ ನನಗೆ ತಿಳಿದದ್ದು, ಒಂದು ಭಾನುವಾರದ ಆರಾಧನೆಯ ಹಿಂದೆ ಎಷ್ಟು ಕೈಗಳಿವೆ ಎಂದು. ಗಂಟೆ ಹೊಡೆಯುವವರು, ಪಾಠ ಓದುವವರು, ಕಾಣಿಕೆ ಎತ್ತುವವರು, ಅದನ್ನು ಎಣಿಸಿ ಬರೆಯುವವರು. ಭಾನುವಾರ ಶಾಲೆಯ ಮಕ್ಕಳಿಗೆ ಕತೆ ಹೇಳುವವರು. ಹೂವು ತಂದು ಜೋಡಿಸುವವರು. ಆಸ್ಪತ್ರೆಯಲ್ಲಿ ಮಲಗಿದವರನ್ನು, ಮನೆಯಿಂದ ಹೊರಬರಲಾಗದ ಮುದುಕರನ್ನು ನೋಡಿಬರುವವರು. ಸುಗ್ಗಿ ಹಬ್ಬಕ್ಕೆ ಬಂದ ಕುಂಬಳಕಾಯಿ, ರಾಗಿ, ಕೋಳಿಗಳನ್ನು ಹರಾಜು ಕೂಗುವವರು. ಅದಕ್ಕಂತೂ ಗಂಟಲೂ ಬೇಕು, ಹಾಸ್ಯವೂ ಬೇಕು! ಹಬ್ಬದ ಅಡುಗೆಯವರು, ಪಾತ್ರೆ ಬೆಳಗುವವರು, ಚಾಪೆ ಹಾಸುವವರು, ಕಸ ಗುಡಿಸುವವರು. ಎಲ್ಲಕ್ಕಿಂತ ಮೇಲೆ ನಾನು ದುಂಡಗಿನ ಅಕ್ಷರದಲ್ಲಿ ಬರೆದ ಸಾಲು: ಕರ್ತನ ಮೇಜಿನ ಬಟ್ಟೆ ಮತ್ತು ಪಾತ್ರೆ. ರೊಟ್ಟಿಯ ತಟ್ಟೆ, ದ್ರಾಕ್ಷಾರಸದ ಬಟ್ಟಲು ಇವನ್ನು ತೊಳೆದು ಒರೆಸಿ ಇಡುವುದು, ಮೇಜಿನ ಬಿಳಿ ಬಟ್ಟೆ ಒಗೆದು ಹಾಸುವುದು. ಅಮೆರಿಕದ ಎಪಿಸ್ಕೊಪಲ್ ಸಭೆಗಳಲ್ಲಿ ಈ ಕೆಲಸಕ್ಕೆ ಆಲ್ಟರ್ ಗಿಲ್ಡ್ ಎಂಬ ಗುಂಪೇ ಇರುತ್ತದೆ. ನಮ್ಮಲ್ಲಿ ಆ ಗುಂಪೆಂದರೆ ನಾನು ಮತ್ತು ಇನ್ನಿಬ್ಬರು.

ಪಟ್ಟಿ ಹಾಕಿದ ಭಾನುವಾರ ಎಲ್ಲರೂ ಮುತ್ತಿದರು. ಜನ ಚದುರಿದ ಮೇಲೆ ಯಳಂದೂರಿನ ಅಜ್ಜಿ ಹತ್ತಿರ ಬಂದರು. ಎಷ್ಟೋ ವರ್ಷದಿಂದ ದೇವಾಲಯದ ಕಸ ಗುಡಿಸುತ್ತಿದ್ದವರು. ನಾವೆಲ್ಲ 'ಯಳಂದೂರಜ್ಜಿ' ಎಂದೇ ಕರೆಯುತ್ತಿದ್ದೆವು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ನಾನು ಅವರಿಗೆ 'ನೀನು', ಅವರು ನನಗೆ 'ನೀವು'. ಅದರಲ್ಲಿ ತಪ್ಪೇನಾದರೂ ಇದೆಯೆಂದು ಆವರೆಗೆ ನನಗೆ ಅನ್ನಿಸಿರಲೇ ಇಲ್ಲ.

"ನಂಗ ಬರಿಯಕ್ಕ ಬರದಿಲ್ಲ ಕನವ್ವ. ಆ ಮೇಜಿನ ಬಟ್ಟ ಒಗಿಯದಿದ್ಯಲ್ಲ, ಅಲ್ಲಿ ನನ್ನೆಸ್ರು ಬರೀರಿ" ಎಂದರು.

"ನಿನ್ನ ಹೆಸರೇನು?" ಎಂದು ಕೇಳಿದೆ. ಎಷ್ಟೋ ವರ್ಷ ಒಂದೇ ಸೂರಿನಡಿ ಪ್ರಾರ್ಥಿಸಿದವರ ಹೆಸರು ನನಗೆ ಗೊತ್ತಿರಲಿಲ್ಲ. ಹೇಳಿದರು. ನಾನು ಪೆನ್ನು ತೆಗೆದು ಆ ಹೆಸರನ್ನು ಬರೆದೆ. ಬರೆದದ್ದು ಕಸ ಗುಡಿಸುವ ಸಾಲಿನಲ್ಲಿ.

ಯಾಕೆ ಹಾಗೆ ಬರೆದೆ? ಆಗ ನನಗೆ ನಾನೇ ಕೊಟ್ಟುಕೊಂಡ ಕಾರಣಗಳು ಬಹಳ ಇದ್ದವು. ವಯಸ್ಸಾದವರು, ಕೈ ನಡುಗಿ ಬಟ್ಟಲು ಬಿದ್ದೀತು. ಅವರಿಗೆ ರೂಢಿಯಿಲ್ಲ. ಬಸ್ಸು ತಪ್ಪಿದರೆ? ಈ ಕಾರಣಗಳ ಕೆಳಗೆ ಇನ್ನೊಂದು ಕಾರಣ ಮಲಗಿತ್ತು. ಅದರ ಹೆಸರು ಜಾತಿ. ನಮ್ಮ ಹಿರಿಯರು ಜ್ಞಾನಸ್ನಾನದ ನೀರಿನಲ್ಲಿ ಅದನ್ನು ತೊಳೆದುಕೊಂಡು ಬಂದರೆಂದು ನಾವು ಹೇಳಿಕೊಳ್ಳುತ್ತೇವೆ. ಅದು ಬಟ್ಟೆಯ ಕರೆಯಂತೆ, ಒದ್ದೆಯಿದ್ದಾಗ ಕಾಣುವುದಿಲ್ಲ, ಒಣಗಿದ ಮೇಲೆ ಎದ್ದು ಕಾಣುತ್ತದೆ.

ನಗು ಬರುವ ಸಂಗತಿಯೊಂದಿದೆ. ಅದೇ ವರ್ಷ ಸ್ತ್ರೀಯರ ಕೂಟದಲ್ಲಿ ನಾನೊಂದು ಭಾಷಣ ಮಾಡಿದ್ದೆ. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಎಂದು ಬೇರೆ ಬೇರೆಯಾಗಿದ್ದವರು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾಗಿ ದಕ್ಷಿಣ ಇಂಡಿಯಾ ಸಭೆಯನ್ನು ಕಟ್ಟಿದ್ದು, ಮುಂದೆ ನಮ್ಮ ಸಭೆ ಹೆಂಗಸರಿಗೂ ಗುರುದೀಕ್ಷೆ ಕೊಟ್ಟದ್ದು, ಇದನ್ನೆಲ್ಲ ಹೇಳಿ, "ಕರ್ತನ ಮೇಜು ಹೆಣ್ಣಿಗೆ ದೂರವಲ್ಲ" ಎಂದು ಮುಗಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಅದೇ ಮೇಜಿನಿಂದ ಒಬ್ಬ ಹೆಣ್ಣುಮಗಳನ್ನು ಒಂದು ಗೀಟು ಪೆನ್ನಿನಲ್ಲಿ ದೂರವಿಟ್ಟವಳೂ ನಾನೇ.

ಎರಡು ವಾರ ಕಳೆಯಿತು. ಭಾನುವಾರ ಶಾಲೆಯ ಹುಡುಗಿಯೊಬ್ಬಳು ಹೊಸದಾಗಿ ಓದಲು ಕಲಿತ ಹುರುಪಿನಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದಳು. ಅಜ್ಜಿ ಪಕ್ಕದಲ್ಲೇ ನಿಂತಿದ್ದರು. ಕಸ ಗುಡಿಸುವವರ ಸಾಲಿಗೆ ಬಂದು ಅವರ ಹೆಸರು ಓದಿದಳು. ನಾನು ಹೂದಾನಿಯನ್ನು ಹಿಡಿದು ನಿಂತಲ್ಲೇ ನಿಂತೆ. ಅಜ್ಜಿ ತಿರುಗಿ ನನ್ನನ್ನು ನೋಡಲೂ ಇಲ್ಲ, ಏನೂ ಕೇಳಲೂ ಇಲ್ಲ. ಬಾಗಿಲ ಸಂದಿಯಲ್ಲಿದ್ದ ಪೊರಕೆಯನ್ನು ನೆಟ್ಟಗೆ ಇಟ್ಟು ಒಳಗೆ ಹೋದರು.

ಅಂದು ಪ್ರಭುಭೋಜನದ ಆರಾಧನೆ. ಅದರ ನಡುವೆ ಶಾಂತಿಯನ್ನು ಕೈಯಿಂದ ಕೈಗೆ ಕೊಡುವ ಕ್ರಮ ನಮ್ಮಲ್ಲಿದೆ. ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರ ಕೈ. ಮೇಜಿನ ಬಳಿಯಿಂದ ಹೊರಟು ಸಾಲುಸಾಲಾಗಿ ಕೊನೆಯ ಬೆಂಚಿನವರೆಗೂ ಹೋಗಬೇಕು. ಬಹಳ ಹಿಂದೆ ಕ್ರೈಸ್ತರಲ್ಲಿದ್ದು ಮರೆಯಾಗಿದ್ದ ಈ ಪದ್ಧತಿಯನ್ನು 1950ರ ಆರಾಧನಾ ಕ್ರಮದಲ್ಲಿ ದಕ್ಷಿಣ ಇಂಡಿಯಾ ಸಭೆ ಮತ್ತೆ ತಂದಿತು. ಅಂದು ನನಗೆ ಶಾಂತಿ ಕೊಡಲು ಬಂದದ್ದು ಅಜ್ಜಿಯ ಕೈ. ಎಂದಿನಂತೆಯೇ ಎರಡೂ ಅಂಗೈ ಚಾಚಿದರು. ಬಿರುಕುಬಿಟ್ಟ, ಒರಟು ಕೈ. ಪ್ರತಿಸಲ ನಾನು ಹಿಡಿಯುತ್ತಿದ್ದ ಕೈ. ಈ ಕೈ ನನ್ನ ಕೈಯನ್ನು ಮುಟ್ಟಬಹುದು, ನಾನು ತೊಳೆಯುವ ಬಟ್ಟಲನ್ನು ಮುಟ್ಟಬಾರದು! ಆ ದಿನ ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಆದರೂ ನಾನು ಪಟ್ಟಿಯನ್ನು ತಿದ್ದಲಿಲ್ಲ. ನೀವು ನಂಬಬೇಕು, ತಪ್ಪು ತಿಳಿದ ಮೇಲೂ ಅದನ್ನು ಒಪ್ಪಿಕೊಳ್ಳಲು ಹೆಂಗಸಿನ ಮಾನ ಬಿಡುವುದಿಲ್ಲ. ಕ್ರಿಸ್ಮಸ್ ಬಂತು, ಹೋಯಿತು. ಜನವರಿಯಲ್ಲಿ ಚಿಕ್ಕಲ್ಲೂರು ಜಾತ್ರೆ ಬಂತು.

ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಚಿಕ್ಕಲ್ಲೂರಿನಲ್ಲಿದೆ. ಐದು ದಿನದ ಜಾತ್ರೆ, ಚಂದ್ರಮಂಡಲದಿಂದ ಶುರು. ನಾಲ್ಕನೆಯ ದಿನ ಪಂಕ್ತಿಸೇವೆ. ನಮ್ಮವರ ಜೊತೆ ಕೆಲಸ ಮಾಡುತ್ತಿದ್ದ ಹನೂರಿನವರೊಬ್ಬರು ನಮ್ಮನ್ನು ಊಟಕ್ಕೆ ಕರೆದಿದ್ದರು. ಬಯಲಿನ ತುಂಬ ಬಿಡಾರಗಳು, ಮೂರು ಕಲ್ಲಿನ ಒಲೆಗಳು, ಹೊಗೆ. ಎಲೆ ಹಾಕಿದ್ದೇ ನನ್ನ ಪಕ್ಕಕ್ಕೆ ಯಾರೋ ಒಬ್ಬಾಕೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದು ಕುಳಿತರು. ನನ್ನ ಎಲೆಯಲ್ಲಿ ಉಪ್ಪಿಲ್ಲದ್ದು ಕಂಡು ತಮ್ಮ ಎಲೆಯದನ್ನೇ ಚಿಟಿಕೆ ತೆಗೆದು ಹಾಕಿದರು. ನಾನು ಅಭ್ಯಾಸಬಲದಿಂದ "ನಿಮ್ಮದು ಯಾವೂರು? ಯಾವ ಜನ?" ಎಂದು ಕೇಳಲು ಹೋದೆ. ಹನೂರಿನ ಆಕೆ ನನ್ನ ಮೊಣಕೈ ತಿವಿದರು. "ಇವತ್ತು ಇಲ್ಲಿ ಅದ ಕೇಳಬಾರ್ದು ಅಕ್ಕ. ಪಂಕ್ತಿಯಲ್ಲಿ ಕೂತ ಮ್ಯಾಲ ಎಲ್ಲ ಒಂದೇ."

ಉಣ್ಣುತ್ತ ಯೋಚಿಸಿದೆ. ನಮ್ಮ ದೇವಾಲಯದಲ್ಲೂ ಒಂದೇ ರೊಟ್ಟಿ, ಒಂದೇ ಬಟ್ಟಲು. ನಾವೂ ಪಂಕ್ತಿಯವರೇ. ಇಲ್ಲಿ ಈ ಬಯಲಿನಲ್ಲಿ ಜನ ವರ್ಷಕ್ಕೊಂದು ದಿನವಾದರೂ ಬಾಯಿ ಕಟ್ಟಿಕೊಳ್ಳುತ್ತಾರೆ. ನಾನು ವರ್ಷದ ಐವತ್ತೆರಡು ಭಾನುವಾರವೂ ಕಟ್ಟಿಕೊಳ್ಳಬೇಕಾದವಳು, ಬಾಯಿಂದ ಕೇಳದೆ ಪೆನ್ನಿನಿಂದ ಕೇಳಿದ್ದೆ.

ಮುಂದಿನ ಶನಿವಾರ ಮಧ್ಯಾಹ್ನ ದೇವಾಲಯಕ್ಕೆ ಹೋದೆ. ಅಜ್ಜಿ ಗುಡಿಸಿ ಮುಗಿಸಿ ಮೆಟ್ಟಿಲ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು. ಪಕ್ಕದಲ್ಲಿ ಕುಳಿತು ಹೇಳಿದೆ. "ಅಜ್ಜಿ, ನೀವು ಹೇಳಿದ ಕಡೆ ನಾನು ಹೆಸರು ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ." ಮೊದಲ ಸಲ ಬಾಯಿಂದ 'ನೀವು' ಬಂತು.

"ಗೊತ್ತು ಕನವ್ವ. ಆ ಮಗ ಓದ್ದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ನನ್ನ ಕೇಳಲಿಲ್ಲ?"

ಸ್ವಲ್ಪ ಹೊತ್ತು ಅಗಿದರು. "ಕೇಳಿದ್ರ ನೀವೊಂದು ಸುಳ್ಳು ಹೇಳ್ಬೇಕಾಯ್ತಿತ್ತು. ದೇವರ ಮನ ಒಳಗ ಯಾಕ ಅಂತ ಸುಮ್ಗಾದಿ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಬೀರು ತೆಗೆದು ಮೇಜಿನ ಬಟ್ಟೆಯನ್ನು ಅವರ ಕೈಗೆ ಕೊಟ್ಟೆ. ಬಿಳಿ ಬಟ್ಟೆಗೆ ಕೊಳ್ಳೇಗಾಲದ ಮಗ್ಗದ ರೇಷ್ಮೆ ಅಂಚು ಹೊಲಿಸಿದ್ದೆವು. ಅಜ್ಜಿ ಅಂಚನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಇದ ಸೋಪಿನ ಪುಡೀಲಿ ಒಗ್ದು ಬಿಸ್ಲಲ್ಲಿ ಹಾಕಿದ್ದೀರಾ?" ಎಂದರು. ಹೌದು, ವರ್ಷಗಟ್ಟಲೆ ಹಾಗೇ ಮಾಡಿದ್ದೆ. ಆಮೇಲೆ ಗೊತ್ತಾಯಿತು, ಅವರು ಪ್ರಾಯದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿದ್ದವರು. ಕುದಿನೀರಿನಲ್ಲಿ ಗೂಡು ಆಡಿಸಿ ಎಳೆ ಹಿಡಿದು ಹಿಡಿದೇ ಆ ಬೆರಳು ಬಿರಿದಿದ್ದವು. ಅಂಟವಾಳದ ನೀರಿನಲ್ಲಿ ಅದ್ದಬೇಕು, ಹಿಂಡಬಾರದು, ಒಣ ಟವೆಲಿನಲ್ಲಿ ಸುತ್ತಿ ನೀರು ತೆಗೆಯಬೇಕು, ನೆರಳಲ್ಲಿ ಹರವಬೇಕು ಎಂದು ನನಗೆ ಹೇಳಿಕೊಟ್ಟರು. ಒಂದು ಮಾತು ಹೇಳಿಬಿಡುತ್ತೇನೆ. ಅವರಿಗೆ ರೇಷ್ಮೆಯ ವಿಷಯ ಒಂದಿಷ್ಟೂ ಗೊತ್ತಿರದಿದ್ದರೂ ಆ ಸಾಲು ಅವರದೇ ಆಗಬೇಕಿತ್ತು. ಅವರು ಕೇಳಿದ್ದು ಕೆಲಸ ಗೊತ್ತಿದೆಯೆಂದಲ್ಲ, ಆ ಮೇಜು ತಮ್ಮದೂ ಹೌದೆಂದು.

ಪಟ್ಟಿ ತಿದ್ದಿದ ಮೇಲೆ ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾದೀತು. ನನ್ನ ಜೊತೆಗಿದ್ದ ಇಬ್ಬರಲ್ಲಿ ಒಬ್ಬರು "ನನಗೆ ಮೊಣಕಾಲು ನೋವು" ಎಂದು ಆ ಕೆಲಸ ಬಿಟ್ಟರು. ಮೂರು ತಿಂಗಳು ನನ್ನೊಡನೆ ಮಾತೂ ಬಿಟ್ಟರು. ಅಯ್ಯನವರು ಏನೂ ಹೇಳಲಿಲ್ಲ, ಆದರೆ ಆ ಈಸ್ಟರಿನಲ್ಲಿ ಬಟ್ಟಲನ್ನು ಮೇಜಿಗೆ ತಂದಿಡಲು ಅಜ್ಜಿಯನ್ನೇ ಕರೆದರು. ಅವರ ಕೈ ನಡುಗಲಿಲ್ಲ.

ಕಸ ಗುಡಿಸುವ ಸಾಲು ಖಾಲಿಯಾಯಿತಲ್ಲ, ಅಲ್ಲಿ ನನ್ನ ಹೆಸರು ಬರೆದೆ. ಮೊದಲ ಶನಿವಾರ ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, "ಪೊರಕ ಹಂಗ ಹಿಡಿಬ್ಯಾಡಿ, ಧೂಳು ಮ್ಯಾಕ್ಕ ಏಳ್ತದ" ಎಂದು ನಕ್ಕರು. ಬೆಂಚುಗಳ ಕೆಳಗೆ ಎಷ್ಟು ಕಸವಿರುತ್ತದೆಂದು ನನಗೆ ತಿಳಿದದ್ದು ಅಂದೇ.

ಅಜ್ಜಿ ಈಗಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಈ ಸೀಮೆಯಲ್ಲೇ ಇರುವುದರಿಂದ ಅವರ ಹೆಸರನ್ನು ಇಲ್ಲಿ ಬರೆದಿಲ್ಲ. 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದಲ್ಲಿ ನಮ್ಮ ಸಭೆಯ ಮೊದಲ ಮಹಿಳಾ ಬಿಷಪ್ ಆದ ಸುದ್ದಿ ಓದಿದಾಗ ನನಗೆ ನೆನಪಾದದ್ದು ನನ್ನ ಭಾಷಣವಲ್ಲ, ಅಂಟವಾಳದ ನೊರೆಯಲ್ಲಿ ಮುಳುಗಿದ್ದ ಆ ಎರಡು ಕೈ. ಈಗ ಪಟ್ಟಿ ಮೊಬೈಲಿಗೇ ಬರುತ್ತದೆ. ಆದರೂ ವರ್ಷಕ್ಕೊಮ್ಮೆ ಗೋಡೆಯ ಮೇಲೂ ಒಂದು ಪ್ರತಿ ಹಾಕುತ್ತೇನೆ. ಓದಲು ಬಾರದವರು, ಕಣ್ಣು ಮಂಜಾದವರು ಬಂದು ಹೆಸರು ಹೇಳಿದರೆ ಅವರು ಕೇಳಿದ ಸಾಲಿನಲ್ಲೇ ಬರೆಯುತ್ತೇನೆ. ಬರೆದ ಮೇಲೆ ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ.