ಮಿಗತೆಯ ಡಬ್ಬಿ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಹಳ್ಳಿಮನೆಗಳಲ್ಲಿ ಒಂದು ವಾಡಿಕೆಯುಂಟು. ನೆಂಟರ ಮನೆಗೆ ಹೋದವರು ಹಿಂದಿರುಗುವಾಗ ಬರಿಗೈಯಲ್ಲಿ ಬರುವುದು ಕಡಿಮೆ. ಡೇರೆಯ ಗೆಡ್ಡೆ, ಕಾಳುಮೆಣಸಿನ ಬಳ್ಳಿಯ ತುಂಡು, ಅಪ್ಪೆಮಿಡಿಯ ಕಸಿಕಡ್ಡಿ, ಹೀಗೆ ಏನಾದರೊಂದನ್ನು ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಾರೆ. ಕೊಟ್ಟವರಿಗೆ ಇದರಿಂದ ನಷ್ಟವಿಲ್ಲ. ಮುಂದಿನ ಮಳೆಗಾಲದಲ್ಲಿ ತಮ್ಮ ಗಿಡವೇ ಕೊಳೆತುಹೋದರೆ, ಕೊಟ್ಟ ಮನೆಗೆ ಹೋಗಿ ಒಂದು ಕಡ್ಡಿಯನ್ನು ಮರಳಿ ತರಬಹುದು.

ಹವ್ಯಾಸಿ ರೇಡಿಯೋದವರಲ್ಲಿಯೂ ಇದನ್ನು ಹೋಲುವ ರೂಢಿಯೊಂದು ಬೆಳೆದುಬಂದಿದೆ. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ಮನೆಯಲ್ಲಿ ಕುಳಿತೇ ದೂರದವರೊಡನೆ ರೇಡಿಯೋ ಅಲೆಗಳ ಮೂಲಕ ಸಂಭಾಷಿಸುವವರು ಇವರು; ಲೋಕ ಇವರನ್ನು ‘ಹ್ಯಾಮ್’ಗಳೆಂದು ಕರೆಯುತ್ತದೆ. ಈ ಹವ್ಯಾಸದಿಂದ ಹಣ ಸಂಪಾದಿಸಕೂಡದೆಂಬುದು ನಿಯಮ. ಇವರೊಳಗೆ ಕೆಲವರಿಗೆ ಅಂಗಡಿಯಿಂದ ಕೊಂಡುತಂದ ಯಂತ್ರದಲ್ಲಿ ರುಚಿಯಿಲ್ಲ. ಗ್ರಾಹಕವನ್ನೂ ಪ್ರೇಷಕವನ್ನೂ ತಮ್ಮ ಕೈಯಿಂದಲೇ ಕಟ್ಟಬೇಕು. ಬೆಸುಗೆಯ ಹೊಗೆ ಮೂಗಿಗೆ ಬಡಿಯಬೇಕು. ಅಂಥವರ ಮೇಜಿನ ಕೆಳಗೆ ಒಂದು ಡಬ್ಬಿ ಇದ್ದೇ ಇರುತ್ತದೆ. ಹಿಂದೊಮ್ಮೆ ಬಿಸ್ಕತ್ತು ತುಂಬಿದ್ದ ತಗಡಿನ ಡಬ್ಬಿಯಲ್ಲಿ ಬಣ್ಣದ ಪಟ್ಟೆಗಳ ರೆಸಿಸ್ಟರುಗಳು, ಕಂಡೆನ್ಸರುಗಳು, ತಾಮ್ರದ ತಂತಿಯ ಸುರುಳಿಗಳು, ಮೂರು ಕಾಲಿನ ಟ್ರಾನ್ಸಿಸ್ಟರುಗಳು ಒಂದರೊಡನೊಂದು ಸಿಕ್ಕಿಹಾಕಿಕೊಂಡು ಬಿದ್ದಿರುತ್ತವೆ. ಮನೆಯ ಹೆಂಗಸರು ಅದನ್ನು ಕಸವೆಂದು ಕರೆದರೆ ಆಶ್ಚರ್ಯಪಡಬೇಕಾಗಿಲ್ಲ.

ಈ ಹವ್ಯಾಸಕ್ಕೂ ಮಿಗತೆಗೂ ಹಳೆಯ ನಂಟು. ಎರಡನೆಯ ಮಹಾಯುದ್ಧ 1939ರಲ್ಲಿ ಆರಂಭವಾದಾಗ ಭಾರತದ ಹವ್ಯಾಸಿಗಳು ತಮ್ಮ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. ಪರವಾನಗಿ ಮತ್ತೆ ದೊರೆಯತೊಡಗಿದ್ದು 1946ರಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಸೇನೆಗೆ ಬೇಡವಾದ ರೇಡಿಯೋಗಳೂ ವಾಲ್ವುಗಳೂ ಮಾರಾಟಕ್ಕೆ ಬಂದವು. ಯುದ್ಧಕ್ಕಾಗಿ ಸಿದ್ಧವಾದ ವಾಲ್ವುಗಳು ಹೀಗೆ ಸ್ನೇಹದ ಸಂಭಾಷಣೆಗೆ ಒದಗಿದವು. 807 ಎಂಬ ವಾಲ್ವಿನ ಹೆಸರನ್ನು ಹಳೆಯ ಹ್ಯಾಮ್‌ಗಳು ಈಗಲೂ ಅಕ್ಕರೆಯಿಂದ ಹೇಳುವುದುಂಟು. ಮುಂದೆ 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಗಿ, 1960ರ ದಶಕದಲ್ಲಿ ವಾಲ್ವು, ಟ್ರಾನ್ಸಿಸ್ಟರುಗಳು ನಮ್ಮಲ್ಲಿಯೇ ತಯಾರಾಗತೊಡಗಿದರೂ ವಿದೇಶದ ಸಾಮಗ್ರಿ ಬಹುಕಾಲ ದುರ್ಲಭವಾಗಿಯೇ ಉಳಿಯಿತು. ಕೈಯಲ್ಲಿದ್ದುದನ್ನು ಹಂಚಿಕೊಳ್ಳದೆ ಯಾರ ಯಂತ್ರವೂ ಪೂರ್ಣಗೊಳ್ಳುವಂತಿರಲಿಲ್ಲ.

ಇಂದು ಕೊರತೆ ಬೇರೆ ಬಗೆಯದು. ಹೊಸನಗರದ ಸೀಮೆಯ ಒಂದು ಹಳ್ಳಿಯಲ್ಲಿ ಹುಡುಗನೊಬ್ಬ ರೇಡಿಯೋ ಕಟ್ಟಲು ಹೊರಟನೆಂದು ಭಾವಿಸಬಹುದು. ಅವನ ಮುಂದಿರುವುದು ‘ಬಿಟ್ಎಕ್ಸ್’ ಎಂಬ ಯಂತ್ರದ ನಕ್ಷೆ. ಹೈದರಾಬಾದಿನ ಅಷರ್ ಫರ್ಹಾನರು 2003ರ ಸುಮಾರಿಗೆ ರೂಪಿಸಿ, ಯಾರು ಬೇಕಾದರೂ ಕಟ್ಟಿಕೊಳ್ಳಲೆಂದು ಲೋಕಕ್ಕೆ ಬಿಟ್ಟುಕೊಟ್ಟ ನಕ್ಷೆಯದು. ಸುಲಭವಾಗಿ ಸಿಗುವ ವಸ್ತುಗಳಿಂದಲೇ ಅದನ್ನು ಕಟ್ಟಬಹುದು. ತಂತಿ ಸುತ್ತಲು ನಲ್ಲಿಯ ವಾಷರನ್ನು ಬಳಸಿಕೊಂಡ ಜಾಣ್ಮೆ ಅದರಲ್ಲಿದೆ. ಆದರೆ ಸುಲಭವಾಗಿ ಸಿಗುವುದು ಎಲ್ಲಿ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಹತ್ತಾರು ರೂಪಾಯಿಯ ಸಾಮಾನಿಗೆ ಅಲ್ಲಿಯ ತನಕ ಬಸ್ಸು ಹತ್ತಬೇಕು. ಅಂಚೆಯಲ್ಲಿ ತರಿಸಿದರೆ ಸಾಮಾನಿಗಿಂತ ಸಾಗಣೆಯೇ ದುಬಾರಿ. ಮೂರು ರೆಸಿಸ್ಟರು ಬೇಕೆಂದವನು ಎಷ್ಟೋ ಸಲ ಒಂದು ಪಟ್ಟಿಯನ್ನೇ ಕೊಳ್ಳಬೇಕಾಗುತ್ತದೆ. ಮಿಕ್ಕುದು ಡಬ್ಬಿಗೆ ಬೀಳುತ್ತದೆ. ಡಬ್ಬಿ ಹುಟ್ಟುವುದೇ ಹೀಗೆ.

ಹರಳುಗಳ ವಿಷಯದಲ್ಲಂತೂ ಮಿಗತೆ ಅನಿವಾರ್ಯ. ಮಾತಿನ ಅಲೆಯನ್ನು ಸೋಸಿ ತೆಗೆಯುವ ಜರಡಿಯೊಂದು ಈ ಯಂತ್ರದೊಳಗಿದೆ. ಅದಕ್ಕೆ ನಾಲ್ಕು ಸ್ಫಟಿಕದ ಹರಳುಗಳು ಬೇಕು. ಎಲ್ಲದರ ಮೇಲೆಯೂ 10 ಮೆಗಾಹರ್ಟ್ಸ್ ಎಂದೇ ಅಚ್ಚಾಗಿದ್ದರೂ ಅಳೆದು ನೋಡಿದರೆ ಒಂದರ ಕಂಪನ ಮತ್ತೊಂದರಂತಿಲ್ಲ. ಅಣ್ಣತಮ್ಮಂದಿರ ದನಿಯಂತೆ ಹತ್ತಿರವಿದ್ದೂ ಬೇರೆ ಬೇರೆ. ಜರಡಿ ಬಿಡಬೇಕಾದ ಮಾತಿನ ಅಗಲವೇ 3,000 ಹರ್ಟ್ಸಿನ ಒಳಗಿರುವಾಗ, ಹರಳುಗಳ ಅಂತರ ನೂರು ಹರ್ಟ್ಸಿನೊಳಗೆ ಇದ್ದರೆ ಒಳ್ಳೆಯದು. ಆದುದರಿಂದ ಕಟ್ಟುವವನು ಹತ್ತು ಹನ್ನೆರಡು ಹರಳುಗಳನ್ನು ತಂದು, ಒಂದೊಂದನ್ನೂ ಅಳೆದು, ಹೊಂದುವ ನಾಲ್ಕನ್ನು ಆರಿಸಿಕೊಳ್ಳುತ್ತಾನೆ. ಉಳಿದವು ಕೆಟ್ಟವಲ್ಲ, ಅವನ ನಾಲ್ಕಕ್ಕೆ ಹೊಂದದವು ಅಷ್ಟೆ. ಒಬ್ಬನಲ್ಲಿ ಉಳಿದ ಎರಡೂ ಇನ್ನೊಬ್ಬನಲ್ಲಿ ಉಳಿದ ಎರಡೂ ಸೇರಿದರೆ ಮೂರನೆಯವನೊಬ್ಬನ ಜರಡಿ ಸಿದ್ಧವಾದೀತು. ಬೇರೆ ಬೇರೆ ಡಬ್ಬಿಗಳಲ್ಲಿ ಮಲಗಿದ್ದರೆ ನಾಲ್ಕೂ ವ್ಯರ್ಥ.

ಹಳೆಯ ವಾಲ್ವ್ ರೇಡಿಯೋಗಳ ಗ್ಯಾಂಗ್ ಕಂಡೆನ್ಸರಿನ ಕಥೆಯೂ ಇಂಥದೇ. ಅಲ್ಯೂಮಿನಿಯಮ್ಮಿನ ತೆಳು ತಗಡುಗಳು ಒಂದರ ನಡುವೆ ಒಂದು ನುಸುಳುವಂತೆ ತಿರುಗುವ ಈ ಉಪಕರಣ ಒಂದು ಕಾಲದಲ್ಲಿ ಪ್ರತಿ ರೇಡಿಯೋದಲ್ಲಿಯೂ ಇತ್ತು. ಈಗ ಹೊಸದು ಸಿಗುವುದು ಕಷ್ಟ. ಅಟ್ಟದ ಮೇಲೆ ಮೂಲೆಗುಂಪಾದ ಅಜ್ಜನ ರೇಡಿಯೋದೊಳಗೆ, ಜೇಡರ ಬಲೆಯ ನಡುವೆ, ಅದು ನುಣ್ಣಗೆ ತಿರುಗುವ ಸ್ಥಿತಿಯಲ್ಲಿಯೇ ಇರಬಹುದು.

ಹಾಗಾದರೆ ಜೋಪಾನವಾಗಿ ಇಟ್ಟುಕೊಂಡರೇನು ತಪ್ಪು, ಎಂದಾದರೂ ಬೇಕಾದೀತಲ್ಲ ಎಂದು ಕೇಳುವವರುಂಟು. ಮಲೆನಾಡಿನ ಮಳೆ ಇದಕ್ಕೆ ಉತ್ತರ ಹೇಳುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಮಳೆಯನ್ನು ಅರಿಯದವರಾರು? ಆ ಶೀತದಲ್ಲಿ ಬಿಡಿಭಾಗಗಳ ಕಾಲುಗಳು ಕಪ್ಪಾಗುತ್ತವೆ. ಕಪ್ಪಾದ ಕಾಲಿಗೆ ಬೆಸುಗೆ ಹಿಡಿಯದು. ಕಬ್ಬಿಣದ ತಿರುಪು ತುಕ್ಕು ಹಿಡಿಯುತ್ತದೆ, ಟ್ರಾನ್ಸ್‌ಫಾರ್ಮರಿನ ಸುತ್ತಿಗೆ ತೇವ ಇಳಿಯುತ್ತದೆ. ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳಿಗಾದರೋ ಮಳೆಯೂ ಬೇಕಿಲ್ಲ; ವರ್ಷಗಟ್ಟಲೆ ಕರೆಂಟು ಕಾಣದೆ ಬಿದ್ದಿದ್ದರೆ ಅವುಗಳೊಳಗಿನ ಸಣ್ಣ ಪದರ ತಾನಾಗಿಯೇ ಸವೆಯುತ್ತದೆ. ಬಳಸದೆ ಇಟ್ಟುದು ಉಳಿಯುವುದೆಂಬ ನಂಬಿಕೆ ಇಲ್ಲಿ ಸಲ್ಲದು.

ಆದರೆ ಕೊಡುವುದಕ್ಕೂ ಒಂದು ಕ್ರಮವಿದೆ. ಡಬ್ಬಿಯನ್ನು ಹಾಗೆಯೇ ಮಗುಚಿ, ಸುಟ್ಟುದನ್ನೂ ನೆಟ್ಟಗಿರುವುದನ್ನೂ ಬೆರೆಸಿ ಕಳುಹಿಸುವವನು ತನ್ನ ಮನೆಯ ಕಸವನ್ನು ಇನ್ನೊಬ್ಬರ ಅಂಗಳಕ್ಕೆ ದಾಟಿಸಿದಂತಾಯಿತು. ಅಳೆದು, ವಿಂಗಡಿಸಿ, ಪೊಟ್ಟಣದ ಮೇಲೆ ಬೆಲೆಯನ್ನಲ್ಲ, ಮೌಲ್ಯವನ್ನು, ಎಂದರೆ ಓಮ್ ಎಷ್ಟು, ವೋಲ್ಟ್ ಎಷ್ಟು ಎಂಬುದನ್ನು ಬರೆದು ಕೊಡಬೇಕು. 807ರಂಥ ವಾಲ್ವನ್ನೂ ಅದರ ಟ್ರಾನ್ಸ್‌ಫಾರ್ಮರನ್ನೂ ಹೊಸ ಹುಡುಗನ ಕೈಗಿಡುವಾಗ ಇನ್ನೂ ಹೆಚ್ಚಿನ ಹೊಣೆಯಿದೆ. ಅದು ನಡೆಯುವುದು ನೂರಾರು ವೋಲ್ಟಿನಲ್ಲಿ; ಸ್ವಿಚ್ಚು ಆರಿಸಿದ ಮೇಲೆಯೂ ದೊಡ್ಡ ಕಂಡೆನ್ಸರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಈ ಮಾತನ್ನು ಹೇಳದೆ ಕೊಟ್ಟ ಉಡುಗೊರೆ ಉಡುಗೊರೆಯಲ್ಲ.

ಮಲೆನಾಡಿನ ಮುಯ್ಯಾಳು ಪದ್ಧತಿಯಲ್ಲಿ ಲೆಕ್ಕವಿದೆ: ಇಂದು ಇವರ ಗದ್ದೆಗೆ ಒಂದಾಳು ಹೋದರೆ, ನಾಳೆ ಅವರ ಮನೆಯಿಂದ ಒಂದಾಳು ಬರಬೇಕು. ಹ್ಯಾಮ್‌ಗಳ ಕೊಡುಗೆಯಲ್ಲಿ ಲೆಕ್ಕ ಹಿಂದಿರುಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಕೊಟ್ಟವನಿಗೆ ಹುಡುಗನು ಏನನ್ನು ತಾನೆ ಮರಳಿ ಕೊಟ್ಟಾನು? ಹಿರಿಯನಿಗೆ ಬೇಕಾದುದೆಂದರೆ, ಒಂದು ದಿನ ಸಂಜೆ 7 ಮೆಗಾಹರ್ಟ್ಸಿನಲ್ಲಿ ಒಂದು ಹೊಸ ದನಿ ಕೇಳುವುದು. ಗುಡ್ಡಕಣಿವೆಗಳಲ್ಲಿ ಮೊಬೈಲಿನ ಅಲೆ ತಡೆದು ನಿಲ್ಲುವಲ್ಲಿಯೂ ಈ ಅಲೆ ಆಕಾಶಕ್ಕೇರಿ, ಅಯಾನುಗೋಳದಿಂದ ಮರಳಿ, ಆಚೆಯ ಕಣಿವೆಗೆ ಇಳಿಯಬಲ್ಲದು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹವ್ಯಾಸಕ್ಕಾಗಿ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರು ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದು ಇಂಥ ರೇಡಿಯೋದಿಂದಲೇ.

ತೀರಿಹೋದ ಹ್ಯಾಮ್‌ನನ್ನು ಅವರ ಪರಿಭಾಷೆಯಲ್ಲಿ ‘ಸೈಲೆಂಟ್ ಕೀ’ ಎನ್ನುತ್ತಾರೆ. ಮೋರ್ಸ್ ಕೀಲಿ ಮೌನವಾಯಿತೆಂದು ಅರ್ಥ. ಆಮೇಲೆ ಡಬ್ಬಿಯ ಗತಿಯೇನು? ಮನೆಯವರಿಗೆ ಅದರ ಬೆಲೆ ತಿಳಿಯದು. ತಾಮ್ರಕ್ಕೆ ಇಷ್ಟು, ಅಲ್ಯೂಮಿನಿಯಮ್ಮಿಗೆ ಇಷ್ಟು ಎಂದು ಗುಜರಿಯವನು ತೂಗಿ ಒಯ್ಯುತ್ತಾನೆ. ನಲವತ್ತು ವರ್ಷ ಒಬ್ಬಾತ ಅಳೆದು ಆರಿಸಿದ ಹರಳುಗಳು ಕಿಲೋ ಲೆಕ್ಕಕ್ಕೆ ಬರುವಷ್ಟು ತೂಕವೂ ಇಲ್ಲದ್ದರಿಂದ ನೆಲಕ್ಕೆ ಚೆಲ್ಲಿಹೋಗುತ್ತವೆ. ಕೊಡುವುದಾದರೆ ಬದುಕಿರುವಾಗಲೇ, ಕೈಯಾರೆ ಕೊಡಬೇಕು. ಏಕೆಂದರೆ ಯಾವುದು ಯಾವುದರ ಜೊತೆಗೆ ಹೊಂದುತ್ತದೆಂಬ ತಿಳಿವು ಡಬ್ಬಿಯಲ್ಲಿಲ್ಲ, ಅದನ್ನು ತುಂಬಿದವನ ತಲೆಯಲ್ಲಿದೆ.

ಹೊಸನಗರದ ಆ ಹುಡುಗನಿಗೆ ಸಾಗರದಿಂದ ಒಂದು ಪೊಟ್ಟಣ ಬಂದಿತೆಂದುಕೊಂಡರೆ, ಅದರಲ್ಲಿ ಹತ್ತು ಹರಳುಗಳಿದ್ದಾವು. ಜೊತೆಗಿರುವ ಚೀಟಿಯಲ್ಲಿ ಒಂದೊಂದರ ಅಳತೆ. ಇಡೀ ರಾತ್ರಿ ಕುಳಿತು ಅವನು ನಾಲ್ಕನ್ನು ಆರಿಸಿಕೊಳ್ಳುತ್ತಾನೆ. ಉಳಿದ ಆರನ್ನು ಖಾಲಿ ಬೆಂಕಿಪೆಟ್ಟಿಗೆಯಲ್ಲಿಟ್ಟು, ಹೊರಗೆ ಸುರಿಯುವ ಮಳೆಯನ್ನೊಮ್ಮೆ ನೋಡಿ, ಪೆಟ್ಟಿಗೆಯ ಮೇಲೆ ಪೆನ್ಸಿಲ್ಲಿನಿಂದ ಅವುಗಳ ಅಳತೆಯನ್ನು ಬರೆಯತೊಡಗುತ್ತಾನೆ.